ಡೊಮೇನ್ ಮತ್ತು ಹೋಸ್ಟಿಂಗ್: ಮೊದಲ ವೆಬ್‌ಸೈಟ್ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಸ್ವಂತ ವೆಬ್‌ಸೈಟ್ ಮಾಡಲು ಹೊರಟವರು ಎರಡು ಸಂಗತಿಗೆ ದುಡ್ಡು ಕೊಡಬೇಕಾಗುತ್ತದೆ. ಒಂದು ಡೊಮೇನ್ ಹೆಸರಿಗೆ, ಇನ್ನೊಂದು ಹೋಸ್ಟಿಂಗ್‌ಗೆ. ಕಂಪನಿಗಳು ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಸೇರಿಸಿ ಮಾರುತ್ತವೆ. ಹಾಗಾಗಿ ಎರಡೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ವರ್ಷ ಕಳೆದ ಮೇಲೆ ಕಂಪನಿ ಬದಲಿಸಬೇಕು ಅನ್ನಿಸುತ್ತದೆ, ಅಥವಾ ಸೈಟ್ ಮಾಡಿಕೊಟ್ಟವರು ಫೋನ್ ಎತ್ತುವುದಿಲ್ಲ. ಆಗ ನೋಡಿದರೆ, ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ಖಾತೆಯಲ್ಲಿದೆ ಅಂತಲೇ ಗೊತ್ತಿರುವುದಿಲ್ಲ.

ಹೋಸ್ಟಿಂಗ್ ಕೈತಪ್ಪಿದರೆ ಇನ್ನೊಂದು ಸಿಗುತ್ತದೆ. ಡೊಮೇನ್ ಕೈತಪ್ಪಿದರೆ ಅದೇ ಹೆಸರು ಮತ್ತೆ ಸಿಗುವ ಖಾತ್ರಿ ಇಲ್ಲ. ಕೆಳಗಿನ ಹಂತಗಳನ್ನೆಲ್ಲ ಈ ಮಾತನ್ನು ಮುಂದಿಟ್ಟುಕೊಂಡೇ ಬರೆದಿದ್ದೇನೆ.

ಮೊದಲು, ಯಾವುದು ಏನು

ಇಂಟರ್ನೆಟ್‌ನಲ್ಲಿರುವ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಇದನ್ನೇ ಐಪಿ ವಿಳಾಸ ಅನ್ನುತ್ತಾರೆ. 192.0.2.44 ಅನ್ನುವ ಹಾಗೆ ಇರುತ್ತದೆ. ನಿಮ್ಮ ವೆಬ್‌ಸೈಟ್ ಅಂದರೆ ಒಂದಷ್ಟು ಫೈಲುಗಳು: ಬರಹ, ಚಿತ್ರ, ಕೋಡ್. ಅವು ಹಗಲು ರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ ಇರಬೇಕು. ಆ ಕಂಪ್ಯೂಟರೇ ಸರ್ವರ್. ಅದರಲ್ಲಿ ಜಾಗ ಬಾಡಿಗೆಗೆ ಪಡೆಯುವುದೇ ಹೋಸ್ಟಿಂಗ್. ಆ ಸರ್ವರಿನ ಅಂಕಿಗೆ ಜನ ನೆನಪಿಡುವಂಥ ಒಂದು ಹೆಸರು ಕೊಟ್ಟರೆ ಅದು ಡೊಮೇನ್.

ಮೊಬೈಲಿನಲ್ಲಿ ಸ್ನೇಹಿತರ ಹೆಸರು ಒತ್ತಿದರೆ ಹಿಂದೆ ಇರುವ ನಂಬರಿಗೆ ಕರೆ ಹೋಗುತ್ತದೆ ಅಲ್ವಾ? ಅವರು ನಂಬರ್ ಬದಲಿಸಿದರೆ ಒಂದು ಸಲ ತಿದ್ದಿದರೆ ಸಾಕು, ಮುಂದೆಯೂ ಅದೇ ಹೆಸರನ್ನು ಒತ್ತುತ್ತೀರಿ. ಡೊಮೇನ್ ಕೆಲಸ ಮಾಡುವುದೂ ಹೀಗೆಯೇ. ಒಂದೇ ವ್ಯತ್ಯಾಸ: ಈ ಪಟ್ಟಿ ನಿಮ್ಮ ಮೊಬೈಲಿನಲ್ಲಿ ಇರುವುದಿಲ್ಲ, ಇಡೀ ಜಗತ್ತಿಗೆ ಹಂಚಿಹೋಗಿದೆ. ಇದರ ಹೆಸರು ಡಿಎನ್‌ಎಸ್.

ಮೊದಲು ಇಷ್ಟೆಲ್ಲ ಇರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಒಂದು ಫೈಲ್ ಇರುತ್ತಿತ್ತು. ಎಲ್ಲ ಕಂಪ್ಯೂಟರುಗಳ ಹೆಸರು ಮತ್ತು ಅಂಕಿ ಅದರಲ್ಲೇ. ಉಳಿದವರು ಆಗಾಗ ಅದನ್ನು ನಕಲು ಮಾಡಿಕೊಳ್ಳಬೇಕಿತ್ತು. ಕಂಪ್ಯೂಟರುಗಳು ಹೆಚ್ಚಾದ ಹಾಗೆ ಆ ಒಂದು ಫೈಲಿನಿಂದ ಕೆಲಸ ಸಾಗದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಡಾಟ್ ಕಾಮ್‌ನಲ್ಲಿ ಮೊದಲು ನೋಂದಣಿಯಾದ ಹೆಸರು ಸಿಂಬಾಲಿಕ್ಸ್ ಡಾಟ್ ಕಾಮ್, 1985ರ ಮಾರ್ಚ್ 15ರಂದು.

ಈಗ ನೀವು ಬ್ರೌಸರಿನಲ್ಲಿ ಎಕ್ಸಾಂಪಲ್ ಡಾಟ್ ಕಾಮ್ ಅಂತ ಟೈಪ್ ಮಾಡಿದಿರಿ ಅಂದುಕೊಳ್ಳಿ. (ಈ ಹೆಸರನ್ನು ಉದಾಹರಣೆ ಕೊಡಲೆಂದೇ ಕಾದಿರಿಸಿದ್ದಾರೆ. ಯಾರೂ ಕೊಳ್ಳಲು ಆಗುವುದಿಲ್ಲ.) ನಿಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಸರ್ವರ್ ಹುಡುಕಲು ಹೊರಡುತ್ತದೆ. ಮೊದಲು ರೂಟ್ ಸರ್ವರನ್ನು ಕೇಳುತ್ತದೆ. ರೂಟ್ ಸರ್ವರುಗಳಿಗೆ ಎ ಇಂದ ಎಂ ತನಕ 13 ಹೆಸರುಗಳಿವೆ. ಒಂದೊಂದು ಹೆಸರಿನ ಹಿಂದೆಯೂ ಜಗತ್ತಿನ ಬೇರೆ ಬೇರೆ ಕಡೆ ತುಂಬಾ ಯಂತ್ರಗಳಿವೆ. ರೂಟ್ ಸರ್ವರ್ ‘ಡಾಟ್ ಕಾಮ್ ನೋಡಿಕೊಳ್ಳುವವರು ಇವರು, ಅಲ್ಲಿ ಕೇಳು’ ಅನ್ನುತ್ತದೆ. ಅಲ್ಲಿ ಕೇಳಿದರೆ ‘ಈ ಹೆಸರಿನ ನೇಮ್‌ಸರ್ವರ್ ಇದು’ ಅನ್ನುವ ಉತ್ತರ ಬರುತ್ತದೆ. ಆ ನೇಮ್‌ಸರ್ವರ್, ಅಂದರೆ ಆ ಡೊಮೇನಿನ ಪಟ್ಟಿ ಇಟ್ಟುಕೊಂಡಿರುವ ಸರ್ವರ್, ಕೊನೆಗೆ ಐಪಿ ವಿಳಾಸ ಕೊಡುತ್ತದೆ. ಇಷ್ಟಕ್ಕೆ ಒಂದು ಕ್ಷಣವೂ ಬೇಕಾಗುವುದಿಲ್ಲ.

ಆಮೇಲೆ ಬ್ರೌಸರ್ ಆ ಐಪಿ ವಿಳಾಸದ ಸರ್ವರಿಗೆ ಹೋಗಿ ‘ನನಗೆ ಈ ಹೆಸರಿನ ಸೈಟ್ ಬೇಕು’ ಅಂತ ಕೇಳುತ್ತದೆ. ಹೆಸರು ಹೇಳಿ ಕೇಳುವುದರಿಂದಲೇ ಒಂದೇ ಐಪಿ ವಿಳಾಸದಲ್ಲಿ ನೂರಾರು ಸೈಟುಗಳು ಒಟ್ಟಿಗೆ ಇರಲು ಸಾಧ್ಯ. ಹೋಸ್ಟಿಂಗ್‌ನಲ್ಲಿ ನಿಮ್ಮ ಡೊಮೇನ್ ಹೆಸರನ್ನು ‘ಸೇರಿಸಿ’ ಅಂತ ಕೇಳುವುದೂ ಇದಕ್ಕೇ. ಐಪಿ ಸರಿಯಾಗಿದ್ದರೂ ಆ ಹೆಸರು ಸರ್ವರಿಗೆ ಗೊತ್ತಿಲ್ಲದಿದ್ದರೆ ಬೇರೆ ಯಾವುದೋ ಪುಟ ತೆರೆದುಕೊಳ್ಳುತ್ತದೆ.

ಹಂತ 1: ಹೆಸರು ಆರಿಸುವುದು

ಡೊಮೇನ್ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆ (ಹೈಫನ್) ಬಳಸಬಹುದು. ಅಡ್ಡಗೆರೆ ಶುರುವಿನಲ್ಲಾಗಲಿ ಕೊನೆಯಲ್ಲಾಗಲಿ ಇರುವಂತಿಲ್ಲ. ಚುಕ್ಕೆಗಳ ನಡುವಿನ ಒಂದು ಭಾಗ 63 ಅಕ್ಷರ ಮೀರಬಾರದು. ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ನಿಯಮ ಇಷ್ಟೇ. ಕಷ್ಟ ಇರುವುದು ಆಯ್ಕೆಯಲ್ಲಿ.

ಹೆಸರನ್ನು ಫೋನಿನಲ್ಲಿ ಒಬ್ಬರಿಗೆ ಹೇಳಿ ನೋಡಿ. ಅವರು ಕೇಳಿಸಿಕೊಂಡು, ಮತ್ತೆ ಕೇಳದೆ, ಸರಿಯಾಗಿ ಟೈಪ್ ಮಾಡಿದರೆ ಅದು ಒಳ್ಳೆಯ ಹೆಸರು. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಈ ಪರೀಕ್ಷೆ ಇನ್ನೂ ಮುಖ್ಯ. ‘ಹೂವು’ ಅಂತ ಬರೆಯಲು ಒಬ್ಬರು ಒಂದು ಯು ಹಾಕುತ್ತಾರೆ, ಇನ್ನೊಬ್ಬರು ಎರಡು ಓ ಹಾಕುತ್ತಾರೆ. ‘ದ’ಕಾರಕ್ಕೆ ಒಬ್ಬರು ಡಿ ಮಾತ್ರ ಬರೆದರೆ ಇನ್ನೊಬ್ಬರು ಡಿ ಜೊತೆಗೆ ಎಚ್ ಸೇರಿಸುತ್ತಾರೆ. ನಾಲ್ಕು ಜನ ನಾಲ್ಕು ಥರ ಬರೆಯುವ ಪದವನ್ನು ಬಿಟ್ಟುಬಿಡುವುದೇ ವಾಸಿ. ಕನ್ನಡ ಲಿಪಿಯಲ್ಲೇ ಡೊಮೇನ್ ಪಡೆಯುವ ದಾರಿಯೂ ಇದೆ. ಒಳಗೆ ಅದು ಎಕ್ಸ್‌ಎನ್ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಾಗುತ್ತದೆ. ಸೈಟ್ ತೆರೆಯಲು ತೊಂದರೆ ಇಲ್ಲ. ಆದರೆ ಇಮೇಲ್ ಮತ್ತು ಕೆಲವು ಫಾರ್ಮುಗಳು ಇನ್ನೂ ಇಂಥ ಹೆಸರನ್ನು ಒಪ್ಪುವುದಿಲ್ಲ. ಹಾಗಾಗಿ ಇದನ್ನು ಎರಡನೇ ಹೆಸರಾಗಿ ಇಟ್ಟುಕೊಳ್ಳಿ.

ಇನ್ನು ಕೊನೆಯ ಚುಕ್ಕೆಯ ನಂತರದ ಭಾಗ. ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ನೆಟ್ ಹಳೆಯವು, ಜನರಿಗೆ ಪರಿಚಿತ. ಎರಡೇ ಅಕ್ಷರ ಇದ್ದರೆ ಅದು ಯಾವುದೋ ದೇಶದ ಅಥವಾ ಪ್ರದೇಶದ ಪಾಲಿನದು ಅಂತ ತಿಳಿಯಿರಿ. ಡಾಟ್ ಟಿವಿ ತುವಾಲು ದೇಶದ್ದು, ಡಾಟ್ ಎಐ ಆಂಗ್ವಿಲಾ ದ್ವೀಪದ್ದು, ಡಾಟ್ ಎಂಇ ಮಾಂಟೆನೆಗ್ರೊದ್ದು. ಕೇಳಲು ಚೆನ್ನಾಗಿದೆ ಅಂತ ತೆಗೆದುಕೊಳ್ಳುವ ಮುಂಚೆ, ಅಲ್ಲಿನ ನಿಯಮ ಮತ್ತು ಬೆಲೆ ಆ ಕಡೆಯವರ ಕೈಯಲ್ಲಿರುತ್ತದೆ ಅನ್ನುವುದು ಗೊತ್ತಿರಲಿ.

ಇಷ್ಟವಾದ ಹೆಸರು ಹಿಂದೆ ಯಾರ ಬಳಿಯಾದರೂ ಇತ್ತೇ ಅಂತ ಹಳೆಯ ವೆಬ್ ಪುಟಗಳನ್ನು ಕಾಪಿಟ್ಟಿರುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ನೋಡಿ. ಹಿಂದಿನವರು ಆ ಹೆಸರಿನಿಂದ ಸ್ಪ್ಯಾಮ್ ಕಳಿಸಿದ್ದರೆ ಕೆಟ್ಟ ಹೆಸರು ನಿಮಗೆ ಅಂಟಬಹುದು. ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್‌ಗೆ ಹತ್ತಿರವಿರುವ ಹೆಸರಂತೂ ಬೇಡವೇ ಬೇಡ.

ಹಂತ 2: ಹೆಸರನ್ನು ನೋಂದಾಯಿಸುವುದು

ಇಲ್ಲಿ ಕೆಲವರ ಪರಿಚಯ ಬೇಕು. ಇಡೀ ವ್ಯವಸ್ಥೆಗೆ ನಿಯಮ ಮಾಡುವುದು 1998ರಲ್ಲಿ ಶುರುವಾದ ಐಕ್ಯಾನ್ ಅನ್ನುವ ಸಂಸ್ಥೆ. ಒಂದೊಂದು ಕೊನೆಭಾಗದ ಮುಖ್ಯ ಪಟ್ಟಿ ಇಟ್ಟುಕೊಳ್ಳುವವರು ರಿಜಿಸ್ಟ್ರಿ. ಡಾಟ್ ಕಾಮ್‌ನ ರಿಜಿಸ್ಟ್ರಿ ವೆರಿಸೈನ್. ನಿಮಗೆ ಹೆಸರು ಮಾರುವ ಅಂಗಡಿ ರಿಜಿಸ್ಟ್ರಾರ್. ಹೆಸರಿನ ಹಕ್ಕು ಪಡೆಯುವವರು ರಿಜಿಸ್ಟ್ರಂಟ್. ಆ ಜಾಗದಲ್ಲಿ ನಿಮ್ಮ ಹೆಸರೇ ಇರಬೇಕು.

ಡೊಮೇನ್ ಅನ್ನು ಶಾಶ್ವತವಾಗಿ ಕೊಳ್ಳಲು ಆಗುವುದಿಲ್ಲ. ಡಾಟ್ ಕಾಮ್‌ನಂಥವುಗಳಲ್ಲಿ ಒಂದು ವರ್ಷದಿಂದ 10 ವರ್ಷದವರೆಗೆ ಹಕ್ಕು ಪಡೆಯಬಹುದು. ಮುಗಿಯುವ ಮುಂಚೆ ರಿನ್ಯೂ ಮಾಡುತ್ತಾ ಹೋಗಬೇಕು. ಜಾಹೀರಾತಿನಲ್ಲಿ ಕಾಣುವುದು ಮೊದಲ ವರ್ಷದ ಬೆಲೆ. ಅದನ್ನು ನೋಡಿ ನಿರ್ಧಾರ ಮಾಡಬೇಡಿ. ಎರಡನೇ ವರ್ಷದಿಂದ ಎಷ್ಟು ಅನ್ನುವುದನ್ನು ಹುಡುಕಿ ಓದಿ. ಎಷ್ಟೋ ಕಡೆ ಎರಡರ ನಡುವೆ ಭಾರಿ ಅಂತರ ಇರುತ್ತದೆ.

ಖಾತೆಯನ್ನು ನೀವೇ ತೆರೆಯಿರಿ. ‘ನಾವೇ ಎಲ್ಲ ಮಾಡಿಕೊಡುತ್ತೇವೆ’ ಅಂತ ವೆಬ್ ಡಿಸೈನರ್ ಎಷ್ಟೇ ಪ್ರೀತಿಯಿಂದ ಹೇಳಿದರೂ, ಡೊಮೇನ್ ಮಾತ್ರ ನಿಮ್ಮ ಖಾತೆಯಲ್ಲಿ, ನಿಮ್ಮ ಕಾರ್ಡಿನಿಂದ, ನಿಮ್ಮ ಇಮೇಲಿನಿಂದ ಆಗಲಿ. ಅವರಿಗೆ ಕೆಲಸಕ್ಕೆ ಬೇಕಾದ ಪ್ರವೇಶವನ್ನು ಆಮೇಲೆ ಕೊಡಬಹುದು. ಅವರು ಪ್ರಾಮಾಣಿಕರೇ ಇರಬಹುದು. ಆದರೆ ನಾಳೆ ಅವರು ಕೆಲಸ ಬಿಟ್ಟರೆ, ಕಾಯಿಲೆ ಬಿದ್ದರೆ, ಪಾಸ್‌ವರ್ಡ್ ಮರೆತರೆ ನಿಮ್ಮ ಹೆಸರು ಅವರ ಜೊತೆಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಇಮೇಲ್ ವಿಷಯದಲ್ಲಿ ಒಂದು ಎಚ್ಚರ. ರಿಜಿಸ್ಟ್ರಾರ್ ಖಾತೆಗೆ ಅದೇ ಡೊಮೇನಿನ ಇಮೇಲ್ ಕೊಡಬೇಡಿ. ಡೊಮೇನ್ ನಿಂತರೆ ಆ ಇಮೇಲ್ ಕೂಡ ನಿಲ್ಲುತ್ತದೆ. ಪಾಸ್‌ವರ್ಡ್ ಬದಲಿಸುವ ಪತ್ರವೂ ಬರುವುದಿಲ್ಲ. ಬೇರೆ ಸೇವೆಯ, ದಿನಾ ನೋಡುವ ಇಮೇಲ್ ಕೊಡಿ.

ಹಣ ಕಟ್ಟುವ ಪುಟದಲ್ಲಿ ಮೊದಲೇ ಟಿಕ್ ಆಗಿರುವ ಆಯ್ಕೆಗಳನ್ನು ಒಂದೊಂದಾಗಿ ನೋಡಿ. ಬೇಡದ್ದನ್ನು ತೆಗೆಯಿರಿ. ಪ್ರೈವೆಸಿ ಅನ್ನುವುದನ್ನು ಮಾತ್ರ ಉಳಿಸಿಕೊಳ್ಳಿ. ಅದರಿಂದ ನಿಮ್ಮ ಮನೆ ವಿಳಾಸ, ಫೋನ್ ನಂಬರ್ ಎಲ್ಲರಿಗೂ ಕಾಣದಂತೆ ಇರುತ್ತದೆ. ಈಗ ಅನೇಕ ರಿಜಿಸ್ಟ್ರಾರುಗಳು ಇದನ್ನು ಉಚಿತವಾಗಿಯೇ ಕೊಡುತ್ತಾರೆ. ದುಡ್ಡು ಕೇಳಿದರೆ ಬೇರೆಯವರನ್ನು ನೋಡಿ.

ನೋಂದಣಿಯಾದ ಮೇಲೆ ನಿಮ್ಮ ಇಮೇಲ್ ಖಚಿತಪಡಿಸಿ ಅಂತ ಒಂದು ಪತ್ರ ಬರುತ್ತದೆ. ಜಾಹೀರಾತು ಅಂದುಕೊಂಡು ಅಳಿಸಬೇಡಿ. 15 ದಿನದೊಳಗೆ ಖಚಿತಪಡಿಸದಿದ್ದರೆ ಡೊಮೇನ್ ಅಮಾನತಾಗುತ್ತದೆ. ಹೊಸ ಸೈಟ್ ಎರಡು ವಾರ ಚೆನ್ನಾಗಿ ನಡೆದು ಇದ್ದಕ್ಕಿದ್ದಂತೆ ಮಾಯವಾದರೆ ಮೊದಲು ನೋಡಬೇಕಾದ್ದು ಇದನ್ನೇ.

ಅದೇ ದಿನ ಇನ್ನು ಮೂರು ಕೆಲಸ ಮುಗಿಸಿ. ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಡೊಮೇನನ್ನು ಬೇರೆ ರಿಜಿಸ್ಟ್ರಾರ್ ಬಳಿಗೆ ಒಯ್ಯದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಚಾಲೂ ಇದೆಯೇ ನೋಡಿ. ಆಟೋ ರಿನ್ಯೂ ಆನ್ ಮಾಡಿ. ಜೊತೆಗೆ ಮುಗಿಯುವ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲೂ ಬರೆದಿಡಿ, ಯಾಕೆಂದರೆ ಕಾರ್ಡಿನ ಅವಧಿ ಮುಗಿದಿದ್ದರೆ ಆಟೋ ರಿನ್ಯೂ ಕೆಲಸ ಮಾಡುವುದಿಲ್ಲ.

ರಿನ್ಯೂ ಮಾಡದಿದ್ದರೆ ಏನಾಗುತ್ತದೆ? ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ಒಂದೇ ದಿನಕ್ಕೆ ಎಲ್ಲ ಹೋಗುವುದಿಲ್ಲ. ಅವಧಿ ಮುಗಿದ ಮೇಲೆ ಸೈಟ್ ಮತ್ತು ಇಮೇಲ್ ನಿಲ್ಲುತ್ತವೆ. ಹೆಚ್ಚೆಂದರೆ 45 ದಿನದವರೆಗೆ ಮಾಮೂಲಿ ಬೆಲೆಗೆ ರಿನ್ಯೂ ಮಾಡಲು ರಿಜಿಸ್ಟ್ರಾರ್ ಅವಕಾಶ ಕೊಡಬಹುದು. ಇದು ಎಲ್ಲ ಕಡೆ ಒಂದೇ ಅಲ್ಲ, ಕೆಲವರು ಕಡಿಮೆ ದಿನ ಕೊಡುತ್ತಾರೆ. ಆಮೇಲೆ 30 ದಿನ ‘ರಿಡೆಂಪ್ಷನ್’ ಅವಧಿ. ಆಗಲೂ ವಾಪಸ್ ಪಡೆಯಬಹುದು, ಆದರೆ ದಂಡ ದುಬಾರಿ. ಅದಾದ ಮೇಲೆ 5 ದಿನ ಯಾರೂ ಏನೂ ಮಾಡಲಾಗದು. ಆರನೇ ದಿನ ಹೆಸರು ಬಯಲಿಗೆ ಬೀಳುತ್ತದೆ. ಬೀಳುವ ಹೆಸರುಗಳನ್ನು ಕ್ಷಣದಲ್ಲಿ ಹಿಡಿಯಲು ಸಾಫ್ಟ್‌ವೇರ್ ಇಟ್ಟುಕೊಂಡು ಕಾಯುವವರಿದ್ದಾರೆ. ಅವರ ಕೈಗೆ ಹೋದರೆ ಅವರು ಹೇಳಿದ್ದೇ ಬೆಲೆ. ಎಷ್ಟೋ ಸಲ ಹೆಸರು ಅಲ್ಲಿಯವರೆಗೂ ಬರುವುದಿಲ್ಲ, ರಿಜಿಸ್ಟ್ರಾರೇ ಅದಕ್ಕೂ ಮುಂಚೆ ಹರಾಜು ಹಾಕಿಬಿಡುತ್ತಾರೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರನ್ನು ರಿನ್ಯೂ ಮಾಡಲು ಮರೆಯಿತು. ಹಾಟ್‌ಮೇಲ್ ಲಾಗಿನ್ ನಡೆಯುತ್ತಿದ್ದುದೇ ಆ ಹೆಸರಿನ ಮೂಲಕ. ಹಾಟ್‌ಮೇಲ್ ಬಳಸುತ್ತಿದ್ದವರು ಒಳಗೆ ಹೋಗಲಾಗದೆ ಪರದಾಡಿದರು. ಕೊನೆಗೆ ಹೊರಗಿನ ಒಬ್ಬ ಪ್ರೋಗ್ರಾಮರ್ ತಾವೇ ಶುಲ್ಕ ಕಟ್ಟಿ ಅದನ್ನು ಸರಿಮಾಡಿದರು.

ಹಂತ 3: ಹೋಸ್ಟಿಂಗ್ ಆರಿಸುವುದು

ಕಂಪನಿಯ ಪಟ್ಟಿ ನೋಡುವ ಮುಂಚೆ ನಿಮ್ಮ ಸೈಟ್ ಎಂಥದ್ದು ಅಂತ ಕೇಳಿಕೊಳ್ಳಿ. ನಾಲ್ಕೈದು ಪುಟ, ಒಂದಿಷ್ಟು ಚಿತ್ರ, ಸಂಪರ್ಕದ ವಿವರ ಇಷ್ಟೇನಾ? ಹಾಗಿದ್ದರೆ ನಿಮಗೆ ದುಡ್ಡು ಕೊಡುವ ಹೋಸ್ಟಿಂಗ್ ಬೇಕಾಗಿಯೇ ಇಲ್ಲದಿರಬಹುದು. ಇಂಥ ಸೈಟನ್ನು ಸ್ಟಾಟಿಕ್ ಸೈಟ್ ಅನ್ನುತ್ತಾರೆ. ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ ಇಂಥ ಸೈಟುಗಳನ್ನು ಉಚಿತವಾಗಿ ಇಡಲು ಬಿಡುತ್ತವೆ. ನಿಮ್ಮ ಸ್ವಂತ ಡೊಮೇನನ್ನೂ ಜೋಡಿಸಬಹುದು. ಹೊಸಬರು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸೈಟ್ ಕಟ್ಟಿ ಬರಹ ಸೇರಿಸುತ್ತಾ ಹೋಗಲು ಬಳಸುವ ವರ್ಡ್‌ಪ್ರೆಸ್‌ನಂಥ ಸಾಫ್ಟ್‌ವೇರ್ ಬೇಕು ಅಂದರೆ ಡೇಟಾಬೇಸ್ (ಬರಹ, ಮಾಹಿತಿ ಜೋಡಿಸಿಡುವ ಜಾಗ) ಮತ್ತು ಪಿಎಚ್‌ಪಿ (ಅದನ್ನು ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) ಇರುವ ಹೋಸ್ಟಿಂಗ್ ಬೇಕು. ಶುರುವಿಗೆ ಶೇರ್ಡ್ ಹೋಸ್ಟಿಂಗ್ ಸಾಕು. ಒಂದೇ ಸರ್ವರಿನಲ್ಲಿ ತುಂಬಾ ಜನರ ಸೈಟ್ ಇರುತ್ತದೆ, ಅದಕ್ಕೇ ಅಗ್ಗ. ಪಕ್ಕದ ಸೈಟಿಗೆ ಒಮ್ಮೆಲೇ ಜನ ನುಗ್ಗಿದರೆ ನಿಮ್ಮದೂ ನಿಧಾನವಾಗಬಹುದು. ವಿಪಿಎಸ್ ಅಂದರೆ ದೊಡ್ಡ ಸರ್ವರಿನಲ್ಲಿ ನಿಮಗೇ ಅಂತ ಬೇರೆ ಮಾಡಿಕೊಟ್ಟ ಪಾಲು. ವೇಗ ಇರುತ್ತದೆ. ಆದರೆ ಅಪ್‌ಡೇಟ್, ಭದ್ರತೆ, ಫೈರ್‌ವಾಲ್ ಎಲ್ಲ ನಿಮ್ಮ ತಲೆಮೇಲೆ. ಲಿನಕ್ಸ್ (ಇಂಥ ಸರ್ವರುಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್) ಕಮಾಂಡ್ ಗೊತ್ತಿಲ್ಲದವರು ಸುಮ್ನೆ ಅಗ್ಗ ಅಂತ ವಿಪಿಎಸ್‌ಗೆ ಹೋಗಬೇಡಿ. ಇಡೀ ಸರ್ವರನ್ನೇ ಬಾಡಿಗೆಗೆ ಪಡೆಯುವ ಡೆಡಿಕೇಟೆಡ್ ಹೋಸ್ಟಿಂಗ್ ವಿಚಾರ ಹೊಸಬರಿಗೆ ಬೇಡ.

ಎಷ್ಟು ಬ್ಯಾಂಡ್‌ವಿಡ್ತ್ (ಸೈಟಿನಿಂದ ನೋಡುಗರಿಗೆ ಹೋಗುವ ಡೇಟಾ) ಬೇಕು ಅನ್ನುವ ಲೆಕ್ಕ ಸುಲಭ. ನಿಮ್ಮ ಒಂದು ಪುಟ 2 ಎಂಬಿ ಇದೆ ಅನ್ನಿ. ದಿನಕ್ಕೆ 500 ಜನ ಬಂದು ತಲಾ 3 ಪುಟ ನೋಡಿದರೆ 3,000 ಎಂಬಿ, ಅಂದರೆ ಸುಮಾರು 3 ಜಿಬಿ. ತಿಂಗಳಿಗೆ 90 ಜಿಬಿ. ಈಗ ಚಿತ್ರಗಳನ್ನು ಕುಗ್ಗಿಸಿ ಪುಟವನ್ನು ಅರ್ಧ ಎಂಬಿಗೆ ಇಳಿಸಿ ನೋಡಿ. ಅದೇ ಜನಕ್ಕೆ 23 ಜಿಬಿ ಕೂಡ ಬೇಕಾಗದು. ಮೊಬೈಲಿನಿಂದ ತೆಗೆದ ಫೋಟೊವನ್ನು ಹಾಗೆಹಾಗೇ ಹಾಕುವುದರಿಂದಲೇ ಎಷ್ಟೋ ಸೈಟುಗಳು ನಿಧಾನವಾಗಿರುತ್ತವೆ. ದೊಡ್ಡ ಪ್ಲಾನ್ ಕೊಳ್ಳುವ ಮುಂಚೆ ಚಿತ್ರ ಕುಗ್ಗಿಸಿ.

‘ಅನ್‌ಲಿಮಿಟೆಡ್’ ಅಂತ ಬರೆದಿದ್ದರೆ ಷರತ್ತುಗಳನ್ನು ಓದಿ. ಫೈಲುಗಳ ಸಂಖ್ಯೆಗೆ, ಪ್ರೊಸೆಸರ್ ಬಳಕೆಗೆ ಮಿತಿ ಅಲ್ಲೆಲ್ಲೋ ಇದ್ದೇ ಇರುತ್ತದೆ. ಅಪ್‌ಟೈಮ್ (ಸೈಟ್ ಚಾಲೂ ಇರುವ ಸಮಯ) ಶೇಕಡಾ 99.9 ಅಂದರೆ ವರ್ಷದಲ್ಲಿ ಸುಮಾರು ಎಂಟೂಮುಕ್ಕಾಲು ಗಂಟೆ ಸೈಟ್ ನಿಂತಿರಬಹುದು ಅಂತ ಅರ್ಥ. ಶೇಕಡಾ 99 ಅಂದರೆ ಮೂರೂವರೆ ದಿನಕ್ಕಿಂತ ಜಾಸ್ತಿ. ಒಂದು ಚುಕ್ಕೆ ಒಂಬತ್ತಕ್ಕೆ ಇಷ್ಟು ವ್ಯತ್ಯಾಸ.

ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅನ್ನುವ ಆಸೆ ತೋರಿಸುತ್ತಾರೆ. ಮೊದಲು ಒಂದು ತಿಂಗಳಿಗೆ, ಹೆಚ್ಚೆಂದರೆ ಒಂದು ವರ್ಷಕ್ಕೆ ತೆಗೆದುಕೊಳ್ಳಿ. ಕೊಳ್ಳುವ ಮುಂಚೆಯೇ ಅವರ ಗ್ರಾಹಕ ಸೇವೆಗೆ ಒಂದು ಪ್ರಶ್ನೆ ಕಳಿಸಿ. ಎಷ್ಟು ಹೊತ್ತಿಗೆ, ಎಂಥ ಉತ್ತರ ಬರುತ್ತದೆ ಅನ್ನುವುದೇ ನಿಮಗೆ ಬೇಕಾದ ಮಾಹಿತಿ.

ಡೊಮೇನ್ ಮತ್ತು ಹೋಸ್ಟಿಂಗ್ ಒಂದೇ ಕಡೆ ತೆಗೆದುಕೊಳ್ಳಬಹುದಾ? ತೆಗೆದುಕೊಳ್ಳಬಹುದು, ಜೋಡಿಸುವ ಕೆಲಸವೂ ಕಡಿಮೆ. ಆದರೂ ನಾನು ಬೇರೆ ಬೇರೆ ಕಡೆ ಇಡಿ ಅನ್ನುತ್ತೇನೆ. ಹೋಸ್ಟಿಂಗ್ ಕಂಪನಿಯ ಜೊತೆ ಬಿಲ್ಲಿನ ತಕರಾರು ಬಂದು ಖಾತೆ ಬಂದ್ ಆದರೆ ಡೊಮೇನ್ ಕೂಡ ಅದರೊಳಗೇ ಉಳಿಯುತ್ತದೆ. ಬೇರೆ ಇದ್ದರೆ ಹೆಸರನ್ನು ಅದೇ ದಿನ ಇನ್ನೊಂದು ಸರ್ವರಿನ ಕಡೆ ತಿರುಗಿಸಬಹುದು. ‘ಹೋಸ್ಟಿಂಗ್ ಜೊತೆ ಡೊಮೇನ್ ಉಚಿತ’ ಅನ್ನುವ ಕೊಡುಗೆ ಬಂದಾಗ ಇದು ನೆನಪಿರಲಿ.

ಹಂತ 4: ಎರಡನ್ನೂ ಜೋಡಿಸುವುದು

ಹೊಸಬರು ಹೆದರುವುದು ಇಲ್ಲಿಯೇ. ನಿಧಾನವಾಗಿ ನೋಡಿದರೆ ಕಷ್ಟವಿಲ್ಲ. ಎರಡು ದಾರಿಗಳಿವೆ.

ಮೊದಲ ದಾರಿ, ನೇಮ್‌ಸರ್ವರ್ ಬದಲಿಸುವುದು. ಹೋಸ್ಟಿಂಗ್ ಕಂಪನಿ ಎರಡು ನೇಮ್‌ಸರ್ವರ್ ಹೆಸರು ಕೊಡುತ್ತದೆ. ಸಾಮಾನ್ಯವಾಗಿ ಎನ್‌ಎಸ್1, ಎನ್‌ಎಸ್2 ಅಂತ ಶುರುವಾಗುತ್ತವೆ. ರಿಜಿಸ್ಟ್ರಾರ್ ಖಾತೆಯಲ್ಲಿ ಹಳೆಯದನ್ನು ತೆಗೆದು ಇವನ್ನು ಹಾಕಿದರೆ ಮುಗಿಯಿತು. ಇನ್ನು ಮುಂದೆ ನಿಮ್ಮ ಡಿಎನ್‌ಎಸ್ ಪಟ್ಟಿ ಪೂರ್ತಿ ಹೋಸ್ಟಿಂಗ್ ಕಂಪನಿಯ ಬಳಿ ಇರುತ್ತದೆ.

ಎರಡನೇ ದಾರಿ, ನೇಮ್‌ಸರ್ವರ್ ಹಾಗೇ ಬಿಟ್ಟು ಪಟ್ಟಿಯೊಳಗಿನ ಸಾಲು ಮಾತ್ರ ತಿದ್ದುವುದು. ನಾನು ಇದನ್ನೇ ಹೇಳುವುದು. ಪಟ್ಟಿ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಈ ಸಾಲುಗಳನ್ನು ರೆಕಾರ್ಡ್ ಅನ್ನುತ್ತಾರೆ.

ಎ ರೆಕಾರ್ಡ್ ಅಂದರೆ ಹೆಸರಿನ ಮುಂದೆ ಐಪಿ ವಿಳಾಸ. ಹೆಸರಿನ ಜಾಗದಲ್ಲಿ @ ಗುರುತು ಹಾಕಿದರೆ ಅದು ನಿಮ್ಮ ಮುಖ್ಯ ಡೊಮೇನ್. ಹೊಸ ರೀತಿಯ ಉದ್ದ ಐಪಿ ವಿಳಾಸಕ್ಕೆ ಎಎಎಎ ರೆಕಾರ್ಡ್. ಸಿ-ನೇಮ್ ರೆಕಾರ್ಡ್ ಒಂದು ಹೆಸರನ್ನು ಇನ್ನೊಂದು ಹೆಸರಿನ ಕಡೆ ಕಳಿಸುತ್ತದೆ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರನ್ನು ಮುಖ್ಯ ಹೆಸರಿಗೆ ಜೋಡಿಸಲು ಇದು ಸರಿ. ಮುಖ್ಯ ಹೆಸರಿಗೇ ಸಿ-ನೇಮ್ ಹಾಕಲು ಹೋಗಬೇಡಿ. ಡಿಎನ್‌ಎಸ್ ನಿಯಮ ಅದನ್ನು ಒಪ್ಪುವುದಿಲ್ಲ, ಏಕೆಂದರೆ ಸಿ-ನೇಮ್ ಇರುವ ಹೆಸರಿಗೆ ಬೇರೆ ರೆಕಾರ್ಡ್ ಇರಬಾರದು. ಇಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವುದು ಎಂಎಕ್ಸ್ ರೆಕಾರ್ಡ್. ಟಿಎಕ್ಸ್‌ಟಿ ರೆಕಾರ್ಡ್‌ನಲ್ಲಿ ‘ಈ ಡೊಮೇನ್ ನನ್ನದೇ’ ಅಂತ ತೋರಿಸುವ ಸಾಲುಗಳು, ಇಮೇಲ್ ಭದ್ರತೆಯ ಸಾಲುಗಳು ಇರುತ್ತವೆ.

ಮೊದಲ ದಾರಿ ಹಿಡಿದವರು ಎಡವುವುದು ಎಂಎಕ್ಸ್ ವಿಷಯದಲ್ಲಿ. ನೇಮ್‌ಸರ್ವರ್ ಬದಲಿಸಿದ ಕೂಡಲೇ ಹಳೆಯ ಪಟ್ಟಿಗೆ ಬೆಲೆ ಇಲ್ಲ. ಹೊಸ ಕಡೆ ಎಂಎಕ್ಸ್ ಬರೆದಿಲ್ಲದಿದ್ದರೆ ಸೈಟ್ ಚೆನ್ನಾಗಿ ತೆರೆಯುತ್ತದೆ, ಇಮೇಲ್ ಮಾತ್ರ ಸದ್ದಿಲ್ಲದೆ ನಿಲ್ಲುತ್ತದೆ. ಹಾಗಾಗಿ ಏನನ್ನಾದರೂ ಮುಟ್ಟುವ ಮುಂಚೆ ಹಳೆಯ ರೆಕಾರ್ಡ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಬದಲಾವಣೆ ಮಾಡಿದ ಮೇಲೆ ‘48 ಗಂಟೆ ಕಾಯಿರಿ’ ಅನ್ನುತ್ತಾರೆ. ಆ ಹೊತ್ತಿನಲ್ಲಿ ಹೊಸ ಮಾಹಿತಿ ಜಗತ್ತಿಗೆಲ್ಲ ರವಾನೆ ಆಗುತ್ತಿದೆ ಅಂತ ಹಲವರು ತಿಳಿದಿದ್ದಾರೆ. ಅಲ್ಲಿ ನಡೆಯುವುದೇ ಬೇರೆ. ಡಿಎನ್‌ಎಸ್ ಸರ್ವರುಗಳು ಹಳೆಯ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತವೆ. ಎಷ್ಟು ಹೊತ್ತು ಅನ್ನುವುದನ್ನು ಪ್ರತಿ ರೆಕಾರ್ಡ್‌ನಲ್ಲಿರುವ ಟಿಟಿಎಲ್ ಹೇಳುತ್ತದೆ. ಅದು ಸೆಕೆಂಡಿನ ಲೆಕ್ಕ. 3600 ಇದ್ದರೆ ಒಂದು ಗಂಟೆ, 86400 ಇದ್ದರೆ ಒಂದು ದಿನ. ಆ ಹೊತ್ತು ಮುಗಿಯುವ ತನಕ ಅವು ಹಳೆಯ ಉತ್ತರವನ್ನೇ ಕೊಡುತ್ತವೆ. ನಿಮಗೆ ಹೊಸ ಸೈಟ್, ಸ್ನೇಹಿತರಿಗೆ ಹಳೆಯದು ಕಾಣುವುದು ಇದಕ್ಕೇ. ಮುಂದೊಂದು ದಿನ ಸರ್ವರ್ ಬದಲಿಸುವುದಾದರೆ ಒಂದೆರಡು ದಿನ ಮುಂಚೆಯೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿಡಿ. ಆಗ ಕಾಯುವುದು ಕೆಲವೇ ನಿಮಿಷ.

ನೀವೇ ಪರೀಕ್ಷಿಸಬೇಕಾ? ಕಂಪ್ಯೂಟರಿನ ಕಮಾಂಡ್ ಕಿಟಕಿಯಲ್ಲಿ ಎನ್‌ಎಸ್‌ಲುಕಪ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಡೊಮೇನ್ ಹೆಸರು ಬರೆಯಿರಿ. ಬರುವ ಐಪಿ ನಿಮ್ಮ ಹೋಸ್ಟಿಂಗ್‌ನದ್ದೇ ಆಗಿದ್ದರೆ ಡಿಎನ್‌ಎಸ್ ಸರಿಯಾಗಿದೆ.

ಹಂತ 5: ಫೈಲ್ ಹಾಕುವುದು, ಎಚ್‌ಟಿಟಿಪಿಎಸ್ ತರುವುದು

ಹೋಸ್ಟಿಂಗ್ ಖಾತೆಯಲ್ಲಿ ಪಬ್ಲಿಕ್ ಎಚ್‌ಟಿಎಂಎಲ್ ಅಥವಾ ಅಂಥದ್ದೇ ಹೆಸರಿನ ಫೋಲ್ಡರ್ ಇರುತ್ತದೆ. ಹೊರಗಿನವರಿಗೆ ಕಾಣುವುದು ಅದರೊಳಗೆ ಇರುವುದು ಮಾತ್ರ. ಮುಖಪುಟದ ಫೈಲಿಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತ ಹೆಸರಿಡಿ. ಫೈಲ್ ಕಳಿಸಲು ಹಳೆಯ ಎಫ್‌ಟಿಪಿ ಬೇಡ, ಅದರಲ್ಲಿ ಪಾಸ್‌ವರ್ಡ್ ಬಯಲಾಗಿಯೇ ಹೋಗುತ್ತದೆ. ಎಸ್‌ಎಫ್‌ಟಿಪಿ ಬಳಸಿ. ಇನ್ನೊಂದು ಮಾತು: ಡೊಮೇನ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಒಂದೇ ಆದರೂ, ಲಿನಕ್ಸ್ ಸರ್ವರಿನ ಫೈಲ್ ಹೆಸರಿನಲ್ಲಿ ಅವು ಬೇರೆ ಬೇರೆ. ನಿಮ್ಮ ಕಂಪ್ಯೂಟರಿನಲ್ಲಿ ಕಂಡ ಚಿತ್ರ ಸೈಟಿನಲ್ಲಿ ಕಾಣದಿದ್ದರೆ ಇದನ್ನು ನೋಡಿ. ಎಲ್ಲ ಫೈಲಿಗೂ ಸಣ್ಣಕ್ಷರವನ್ನೇ ಬಳಸಿದರೆ ಈ ತಲೆನೋವು ಇರುವುದಿಲ್ಲ.

ವಿಳಾಸದ ಶುರುವಿನಲ್ಲಿ ಎಚ್‌ಟಿಟಿಪಿಎಸ್ (ಸೈಟ್ ಮತ್ತು ನೋಡುಗರ ನಡುವಿನ ಮಾಹಿತಿಯನ್ನು ಗುಟ್ಟಾಗಿಡುವ ವಿಧಾನ) ಬರಬೇಕಾದರೆ ಸರ್ಟಿಫಿಕೇಟ್ (ಸೈಟ್ ಆ ಡೊಮೇನಿನದ್ದೇ ಅಂತ ತೋರಿಸುವ ಡಿಜಿಟಲ್ ದಾಖಲೆ) ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಲಾಭವಿಲ್ಲದ ಸಂಸ್ಥೆ 2015ರಿಂದ ಇದನ್ನು ಉಚಿತವಾಗಿ ಕೊಡುತ್ತಿದೆ. ಹೆಚ್ಚಿನ ಹೋಸ್ಟಿಂಗ್ ಕಂಪನಿಗಳಲ್ಲಿ ಒಂದು ಗುಂಡಿ ಒತ್ತಿದರೆ ಸಿಗುತ್ತದೆ, ಅವಧಿ ಮುಗಿದಾಗ ತಾನೇ ಹೊಸದಾಗುತ್ತದೆ. ಸಾಮಾನ್ಯ ಸೈಟಿಗೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ಕೊಳ್ಳುವ ಅಗತ್ಯ ಇಲ್ಲ. ಒಂದು ಕ್ರಮ ನೆನಪಿಡಿ: ಡಿಎನ್‌ಎಸ್ ಸರಿಯಾದ ಮೇಲೆಯೇ ಸರ್ಟಿಫಿಕೇಟ್ ಕೇಳಬೇಕು. ಹೆಸರು ಆ ಸರ್ವರಿನ ಕಡೆ ತೋರಿಸದಿದ್ದರೆ ಡೊಮೇನ್ ನಿಮ್ಮದು ಅಂತ ಅವರು ಪರೀಕ್ಷಿಸುವುದು ಹೇಗೆ? ಆಮೇಲೆ ಎಚ್‌ಟಿಟಿಪಿಯಲ್ಲಿ ಬಂದವರನ್ನು ಎಚ್‌ಟಿಟಿಪಿಎಸ್‌ಗೆ ಕಳಿಸುವ ಆಯ್ಕೆಯನ್ನೂ ಆನ್ ಮಾಡಿ.

ನಿಮ್ಮ ಡೊಮೇನಿನ ಹೆಸರಿನಲ್ಲಿ ಇಮೇಲ್ ಬೇಕಿದ್ದರೆ ಎಂಎಕ್ಸ್ ಜೊತೆಗೆ, ಪತ್ರ ನಿಜವಾಗಿ ನಿಮ್ಮ ಡೊಮೇನಿನದ್ದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಅನ್ನುವ ಮೂರು ಸಾಲುಗಳನ್ನು ಇಮೇಲ್ ಸೇವೆ ಹೇಳಿದಂತೆ ಸೇರಿಸಿ. ಇವಿಲ್ಲದೆ ಕಳಿಸಿದ ಪತ್ರ ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆ ಹೆಚ್ಚು.

ಹಂತ 6: ಬ್ಯಾಕಪ್

‘ನಾವು ದಿನಾ ಬ್ಯಾಕಪ್ ತೆಗೆಯುತ್ತೇವೆ’ ಅಂತ ಹೋಸ್ಟಿಂಗ್ ಕಂಪನಿ ಹೇಳುತ್ತದೆ. ಆ ಬ್ಯಾಕಪ್ ಎಲ್ಲಿದೆ ಅಂತ ಕೇಳಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬೇರೆ ಕಡೆ ನಕಲು ಇಟ್ಟವರು ಮತ್ತೆ ಎದ್ದು ನಿಂತರು. ಸೈಟ್ ಮತ್ತು ಬ್ಯಾಕಪ್ ಎರಡೂ ಅಲ್ಲೇ ಇದ್ದವರು ವರ್ಷಗಳ ಕೆಲಸ ಕಳೆದುಕೊಂಡರು.

ತಿಂಗಳಿಗೊಮ್ಮೆಯಾದರೂ ಫೈಲುಗಳ ಮತ್ತು ಡೇಟಾಬೇಸಿನ ನಕಲು ಇಳಿಸಿಕೊಂಡು ನಿಮ್ಮ ಬಳಿ ಇಡಿ. ದಿನಾ ಹೊಸದು ಸೇರುವ ಸೈಟಾದರೆ ವಾರಕ್ಕೊಮ್ಮೆ. ವರ್ಡ್‌ಪ್ರೆಸ್‌ನಲ್ಲಿ ನಿಮ್ಮ ಬರಹ ಇರುವುದು ಡೇಟಾಬೇಸಿನಲ್ಲಿ. ಫೈಲು ಮಾತ್ರ ನಕಲು ಮಾಡಿದರೆ ಚಿತ್ರ ಉಳಿಯುತ್ತದೆ, ಬರಹ ಹೋಗುತ್ತದೆ.

ಹೋಸ್ಟಿಂಗ್ ಬದಲಿಸುವಾಗ

ಹಳೆಯದನ್ನು ರದ್ದು ಮಾಡಿ ಹೊಸದಕ್ಕೆ ಹೋಗಬೇಡಿ. ಹೊಸ ಕಡೆ ಎಲ್ಲ ನಕಲು ಮಾಡಿ, ನಡೆಯುತ್ತಿದೆಯೇ ನೋಡಿ, ಆಮೇಲೆ ಎ ರೆಕಾರ್ಡ್ ತಿದ್ದಿ. ಡಿಎನ್‌ಎಸ್ ಬದಲಿಸದೇ ಹೊಸ ಸೈಟ್ ನೋಡುವ ಉಪಾಯ ಒಂದಿದೆ. ನಿಮ್ಮ ಕಂಪ್ಯೂಟರಿನಲ್ಲೇ ಹೋಸ್ಟ್ಸ್ ಅನ್ನುವ ಫೈಲ್ ಇದೆ. 1983ಕ್ಕೂ ಹಿಂದಿನ ಆ ಹಳೆಯ ಪಟ್ಟಿಯ ಪಳೆಯುಳಿಕೆ ಅದು. ಅದರಲ್ಲಿ ಹೊಸ ಐಪಿ ಮತ್ತು ನಿಮ್ಮ ಡೊಮೇನ್ ಹೆಸರು ಬರೆದರೆ ನಿಮ್ಮ ಕಂಪ್ಯೂಟರಿಗೆ ಮಾತ್ರ ಹೊಸ ಸೈಟ್ ಕಾಣುತ್ತದೆ. ನೋಡಿ ಆದ ಮೇಲೆ ಆ ಸಾಲನ್ನು ಅಳಿಸಿ. ಹಳೆಯ ಹೋಸ್ಟಿಂಗ್ ಅನ್ನು ಇನ್ನೊಂದು ವಾರ ಇಟ್ಟುಕೊಳ್ಳಿ.

ಡೊಮೇನನ್ನೇ ಬೇರೆ ರಿಜಿಸ್ಟ್ರಾರ್ ಬಳಿಗೆ ಒಯ್ಯಬೇಕಾದರೆ ಲಾಕ್ ತೆಗೆದು, ಹಳೆಯ ರಿಜಿಸ್ಟ್ರಾರ್‌ನಿಂದ ಆಥ್ ಕೋಡ್ ಪಡೆದು, ಹೊಸ ರಿಜಿಸ್ಟ್ರಾರಿಗೆ ಕೊಡಬೇಕು. ಆ ಕೋಡ್ ಪಾಸ್‌ವರ್ಡ್ ಇದ್ದ ಹಾಗೆ, ಬೇರೆ ಯಾರಿಗೂ ಹೇಳಬೇಡಿ. ನೋಂದಣಿಯಾಗಿ ಅಥವಾ ಹಿಂದೊಮ್ಮೆ ವರ್ಗಾವಣೆಯಾಗಿ 60 ದಿನ ಆಗಿರದಿದ್ದರೆ ಸಾಮಾನ್ಯವಾಗಿ ಒಯ್ಯಲು ಬಿಡುವುದಿಲ್ಲ.

ಸೈಟ್ ತೆರೆಯದಿದ್ದರೆ ಎಲ್ಲಿ ನೋಡಬೇಕು

ಬ್ರೌಸರ್ ಏನು ಹೇಳುತ್ತಿದೆ ಅಂತ ಸರಿಯಾಗಿ ಓದಿ. ಸರ್ವರ್ ವಿಳಾಸವೇ ಸಿಗುತ್ತಿಲ್ಲ ಅಂದರೆ ತೊಂದರೆ ಡೊಮೇನ್ ಕಡೆ: ಅವಧಿ ಮುಗಿದಿರಬಹುದು, ಇಲ್ಲವೇ ರೆಕಾರ್ಡ್ ತಪ್ಪಿರಬಹುದು. ಅವಧಿಯ ಬಗ್ಗೆ ಅನುಮಾನ ಇದ್ದರೆ ಐಕ್ಯಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿ ನೋಡಿ, ಮುಗಿಯುವ ತಾರೀಖು ಕಾಣುತ್ತದೆ. ರಿಜಿಸ್ಟ್ರಾರ್‌ನ ಜಾಹೀರಾತು ಪುಟ ಬಂದರೆ ಜೋಡಣೆ ಇನ್ನೂ ಆಗಿಲ್ಲ. ಸರ್ವರ್ ತುಂಬಾ ಹೊತ್ತಾದರೂ ಉತ್ತರಿಸುತ್ತಿಲ್ಲ ಅಂದರೆ ಹೋಸ್ಟಿಂಗ್ ಕಂಪನಿಯನ್ನು ಕೇಳಿ. 404 ಬಂದರೆ ಸರ್ವರ್ ಸಿಕ್ಕಿದೆ, ಫೈಲ್ ಸಿಕ್ಕಿಲ್ಲ: ಹೆಸರು, ಅಕ್ಷರ ನೋಡಿ. 403 ಬಂದರೆ ಇಂಡೆಕ್ಸ್ ಫೈಲ್ ಇಲ್ಲ, ಅಥವಾ ಅನುಮತಿ ತಪ್ಪಿದೆ. 500 ಬಂದರೆ ತೊಂದರೆ ಕೋಡಿನಲ್ಲಿ ಅಥವಾ ಸರ್ವರಿನ ಸೆಟ್ಟಿಂಗ್‌ನಲ್ಲಿ. ಹೊಸ ಪ್ಲಗಿನ್ (ವರ್ಡ್‌ಪ್ರೆಸ್‌ನಂಥವಕ್ಕೆ ಸೇರಿಸುವ ಹೆಚ್ಚುವರಿ ಸಾಫ್ಟ್‌ವೇರ್) ಹಾಕಿದ್ದರೆ ಮೊದಲು ಅದನ್ನು ತೆಗೆದು ನೋಡಿ. ಸರ್ಟಿಫಿಕೇಟ್ ಎಚ್ಚರಿಕೆ ಬಂದರೆ ಅದರ ತಾರೀಖು ನೋಡಿ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರು, ಇಲ್ಲದ ಹೆಸರು ಎರಡಕ್ಕೂ ಅದು ಇದೆಯೇ ಅನ್ನುವುದನ್ನೂ ನೋಡಿ.